ಪಾರ್ಕಿನ ಹಿಂದಿನ ಮೂಲೆಯ ಹುಡುಗ

ಪ್ರಶ್ನೆ: ಮೇಡಂ, ನನಗೆ 54 ವರ್ಷ. ಮದುವೆಯಾಗಿ ಮತ್ತಿಕೆರೆಗೆ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ಯಜಮಾನರಿಗೆ 63, ಕಾರ್ಖಾನೆಯಿಂದ ನಿವೃತ್ತರು. ನಾನು ಮನೆಯಲ್ಲೇ ಹೈಸ್ಕೂಲು ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತೇನೆ. ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಪುಟ್ಟ ಪಾರ್ಕಿದೆ. ದೊಡ್ಡ ಜೆ.ಪಿ. ಪಾರ್ಕಲ್ಲ, ನಮ್ಮ ಬಡಾವಣೆಯದು. ನನ್ನ ಮಗಳು ನಡೆಯಲು ಕಲಿತದ್ದೇ ಅಲ್ಲಿ. ಈಗ ಒಂದು ವರ್ಷದಿಂದ ಸಂಜೆ ಏಳರ ಮೇಲೆ ಹೆಂಗಸರು ಅತ್ತ ಹೋಗುವಂತಿಲ್ಲ. ಹಿಂದಿನ ಮೂಲೆಯ ದೀಪ ಕೆಟ್ಟಿದೆ. ಅಲ್ಲಿ ಬೈಕ್ ನಿಲ್ಲಿಸಿಕೊಂಡು ಹುಡುಗರು ಕುಡಿಯುತ್ತಾರೆ, ಗಾಂಜಾದ ಘಾಟು ರಸ್ತೆಗೇ ಬರುತ್ತದೆ. ಕಳೆದ ತಿಂಗಳು ಪಿಜಿಯಲ್ಲಿರುವ ಒಬ್ಬ ಕಾಲೇಜು ಹುಡುಗಿಯನ್ನು ಇಬ್ಬರು ಗೇಟಿನವರೆಗೂ ಹಿಂಬಾಲಿಸಿದರು.

ರಸ್ತೆಯವರೆಲ್ಲ ಸೇರಿ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ಅದರಲ್ಲಿ ಕೆಲವರು, ನಾವೇ ಕೋಲು ಹಿಡಿದು ರಾತ್ರಿ ತಿರುಗೋಣ, ಸಿಕ್ಕವರ ಫೋಟೊ ತೆಗೆದು ಗುಂಪಿಗೆ ಹಾಕೋಣ ಎನ್ನುತ್ತಾರೆ. ಮಧ್ಯಾಹ್ನ ಬಂದು ಮಲಗುವ ಕಟ್ಟಡ ಕೆಲಸದವರನ್ನೂ ಓಡಿಸಬೇಕಂತೆ, ಆರು ಗಂಟೆಗೇ ಬೀಗ ಜಡಿಯಬೇಕಂತೆ. ಠಾಣೆಗೆ ಹೋಗಿ ಹೇಳಲು ಮಾತ್ರ ಯಾರೂ ತಯಾರಿಲ್ಲ. ‘ನೀವು ಟೀಚರು, ನೀವೇ ಹೋಗಿ’ ಎಂದು ನನ್ನ ಮೇಲೆ ಹಾಕಿದ್ದಾರೆ. ಯಜಮಾನರು, ‘ಪೊಲೀಸರ ಸಹವಾಸ ನಮಗ್ಯಾಕೆ, ಆಮೇಲೆ ಸಾಕ್ಷಿ ಅಂತ ಅಲೆಸುತ್ತಾರೆ’ ಎಂದು ಸಿಟ್ಟಾಗಿದ್ದಾರೆ.

ಇನ್ನೊಂದನ್ನು ಯಾರಿಗೂ ಹೇಳಿಲ್ಲ. ಆ ಹುಡುಗರಲ್ಲಿ ಒಬ್ಬ ನನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದವನು. ಹದಿನೇಳು ವರ್ಷ. ಅವರಮ್ಮ ನಮ್ಮಿಂದ ಮೂರನೇ ಮನೆ. ಈಗಲೂ ನನ್ನನ್ನು ಕಂಡರೆ ಸಿಗರೇಟನ್ನು ಬೆನ್ನ ಹಿಂದೆ ಮರೆಮಾಡುತ್ತಾನೆ. ಹೇಳಿದರೆ ಅವನ ಬಾಳು ಹಾಳಾಗುತ್ತದೆ, ಹೇಳದಿದ್ದರೆ ಯಾವ ಹುಡುಗಿಗೆ ಏನಾಗುತ್ತದೋ. ರಾತ್ರಿ ನಿದ್ದೆ ಹತ್ತುತ್ತಿಲ್ಲ.

– ಹೆಸರು ಬೇಡ, ಮತ್ತಿಕೆರೆ

ಉತ್ತರ: ಆ ಸಿಗರೇಟಿನ ಸಾಲು ಬರುವವರೆಗೂ ನಿಮ್ಮ ಪತ್ರವನ್ನು ಪಾರ್ಕಿನ ದೂರು ಎಂದೇ ಓದುತ್ತಿದ್ದೆ. ನಿಮ್ಮ ನಿದ್ದೆ ಕೆಡಿಸಿರುವವನು ಆ ಹುಡುಗ. ಅವನ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ, ಈ ವಾರವೇ ನಿಲ್ಲಬೇಕಾದದ್ದು ಕೋಲಿನ ಮಾತು.

2018ರ ಮೇ 23ರಂದು ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಮಕ್ಕಳ ಕಳ್ಳರು ಊರಿಗೆ ನುಗ್ಗಿದ್ದಾರೆ ಎಂಬ ಸುಳ್ಳು ಸುದ್ದಿ ಆ ದಿನಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿತ್ತು. ನಮ್ಮ ಬೀದಿಯ ಮಕ್ಕಳನ್ನು ನಾವೇ ಕಾಯಬೇಕು ಎಂಬ ಭಾವನೆಗೆ ಒಂದು ಗುಂಪು ಸೇರಿಕೊಂಡರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನಮ್ಮ ಹಳೇ ಬೆಂಗಳೂರೇ ಕಣ್ಣಾರೆ ಕಂಡಿದೆ. ನಿಮ್ಮ ಗುಂಪಿನವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹೆದರಿದ್ದಾರೆ. ಹೆದರಿದ ಹತ್ತು ಜನರ ಕೈಗೆ ಕತ್ತಲಲ್ಲಿ ಕೋಲು ಕೊಟ್ಟರೆ, ಮೊದಲ ಏಟು ಯಾರ ಮೇಲೆ ಬೀಳುತ್ತದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಅದು ನಿಮ್ಮ ಶಿಷ್ಯನ ತಲೆಯ ಮೇಲೂ ಬೀಳಬಹುದು.

ಗುಂಪಿನಲ್ಲಿ ಯಾರಾದರೂ, ಕಳ್ಳನನ್ನು ಹಿಡಿಯುವ ಹಕ್ಕು ಸಾರ್ವಜನಿಕರಿಗೂ ಇದೆ ಎನ್ನುತ್ತಾರೆ. ಇದೆ, ನಿಜ. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಅದಕ್ಕೆ ಬಲವಾದ ಬೇಲಿ ಹಾಕಿದೆ. ಜಾಮೀನು ಸಿಗದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದಂಥ ಗಂಭೀರ ಅಪರಾಧ ನಿಮ್ಮ ಕಣ್ಣೆದುರೇ ನಡೆದಿರಬೇಕು. ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯುವುದು, ಕಟ್ಟಿಹಾಕಿ ವಿಡಿಯೊ ಮಾಡುವುದು, ‘ಆಧಾರ್ ತೋರಿಸು’ ಎಂದು ಜಬರಿಸುವುದು, ಇದ್ಯಾವುದಕ್ಕೂ ಅಲ್ಲಿ ಜಾಗವಿಲ್ಲ.

ಪೊಲೀಸರ ಜೊತೆ ಕೈಜೋಡಿಸಿದ ಮಾತ್ರಕ್ಕೂ ಎಲ್ಲ ಸರಿಹೋಗುವುದಿಲ್ಲ. ಪಕ್ಕದ ತಮಿಳುನಾಡಿನಲ್ಲಿ 1993ರಲ್ಲಿ ರಾಮನಾಥಪುರದಲ್ಲಿ ಶುರುವಾದ ‘ಫ್ರೆಂಡ್ಸ್ ಆಫ್ ಪೊಲೀಸ್’ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿದ್ದು. 2020ರಲ್ಲಿ ಸಾತ್ತಾನ್‌ಕುಳಂ ಠಾಣೆಯಲ್ಲಿ ಚಿತ್ರಹಿಂಸೆಗೆ ಒಳಗಾದ ತಂದೆ, ಮಗ ಸತ್ತಾಗ ಆ ಸ್ವಯಂಸೇವಕರ ಮೇಲೂ ಆರೋಪ ಬಂತು. ಸರ್ಕಾರ ಆ ವ್ಯವಸ್ಥೆಯನ್ನೇ ನಿಷೇಧಿಸಿತು. ನಾಗರಿಕರು ಪೊಲೀಸರ ಕೈಯ ಕೆಲಸಕ್ಕೆ ಇಳಿದರೆ ಆಗುವುದು ಇದು. ನಿಮ್ಮ ಪಾಲಿನದು ನೋಡುವುದು, ಬರೆದಿಡುವುದು, ಹೇಳುವುದು, ಬೆನ್ನು ಬಿಡದೆ ಕೇಳುವುದು. ಹಿಡಿಯುವುದು, ವಿಚಾರಿಸುವುದು ಅವರ ಪಾಲು. ಈ ಗೆರೆಯನ್ನು ಮೊದಲ ಸಭೆಯಲ್ಲೇ ಎಲ್ಲರ ಮುಂದೆ ಎಳೆಯಿರಿ.

ಹಾಗಾದರೆ ಠಾಣೆಗೆ ಹೋಗುವುದು ಹೇಗೆ? ನೀವೊಬ್ಬರೇ ಖಂಡಿತ ಹೋಗಬೇಡಿ. ಟೀಚರೆಂದು ನಿಮ್ಮನ್ನು ಮುಂದೆ ದೂಡಿದವರಿಗೆ, ‘ಬರುತ್ತೇನೆ, ನೀವೂ ಬನ್ನಿ’ ಎನ್ನಿ. ನಾಲ್ಕು ಜನ ಸಾಕು. ಇಬ್ಬರು ಹೆಂಗಸರಿರಲಿ, ಬೆಳಗಿನ ವಾಕಿಂಗಿನ ಹಿರಿಯರೊಬ್ಬರಿರಲಿ, ಪಿಜಿಯಲ್ಲಿರುವ ಒಬ್ಬ ವಿದ್ಯಾರ್ಥಿನಿ ಒಪ್ಪಿದರೆ ಅವಳೂ ಇರಲಿ. ರಾಮಯ್ಯ ಕಾಲೇಜಿಗೆಂದು, ಇನ್ನೆಲ್ಲಿಗೋ ಎಂದು ಬಂದು ನಿಮ್ಮ ಬೀದಿಗಳ ಪಿಜಿಗಳಲ್ಲಿರುವ ಮಕ್ಕಳು ನಿಮ್ಮ ಗುಂಪಿನ ಸದಸ್ಯರಲ್ಲದಿರಬಹುದು, ಆ ಕತ್ತಲ ಮೂಲೆಯನ್ನು ದಿನಾ ದಾಟುವವರು ಅವರೇ.

ಹೋಗುವ ಮೊದಲು ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಲೆಕ್ಕದ ಮೇಷ್ಟ್ರು ನೀವು, ಇದು ನಿಮಗೆ ಚೆನ್ನಾಗಿ ಒಗ್ಗುವ ಕೆಲಸ. ವಾರ, ಗಂಟೆ, ಎಷ್ಟು ಜನ, ಯಾವ ಗೇಟಿನ ಕಡೆಯಿಂದ ಬಂದರು, ಬೈಕಿನ ನಂಬರು, ಹೊರಗಿನಿಂದ ಯಾರಾದರೂ ಬಂದು ಏನಾದರೂ ಕೊಟ್ಟು ಹೋದರೇ. ಕಂಡದ್ದನ್ನು ಮಾತ್ರ ಬರೆಯಿರಿ. ‘ಗಾಂಜಾ ಮಾರುತ್ತಾರೆ’ ಎಂದು ಬರೆಯುವುದಕ್ಕಿಂತ ‘ಮಂಗಳವಾರ, ಶುಕ್ರವಾರ ಎಂಟೂವರೆಗೆ ಒಂದು ಸ್ಕೂಟರು ಬಂದು ಎರಡು ನಿಮಿಷ ನಿಂತು ಹೋಗುತ್ತದೆ’ ಎಂದು ಬರೆದರೆ ಇನ್‌ಸ್ಪೆಕ್ಟರಿಗೆ ಹಿಡಿದುಕೊಳ್ಳಲು ಒಂದು ತುದಿ ಸಿಗುತ್ತದೆ. ಬರೆಯಲೆಂದು ಆ ಮೂಲೆಗೆ ಹೋಗಿ ನಿಲ್ಲಬೇಡಿ. ಮಹಡಿಯಿಂದ, ಬಾಲ್ಕನಿಯಿಂದ ಕಂಡಷ್ಟೇ ಸಾಕು.

ಠಾಣೆಯಲ್ಲಿ ಒಂದು ಪುಟದ ಮನವಿ ಕೊಟ್ಟು, ಸೀಲು ಹಾಕಿದ ಪ್ರತಿ ಕೇಳಿ ಪಡೆಯಿರಿ. ಆಮೇಲೆ ಒಂದೇ ಪ್ರಶ್ನೆ: ‘ನಮ್ಮ ಬೀಟ್ ಯಾರದು ಸಾರ್?’ ಕರ್ನಾಟಕದಲ್ಲಿ 2017ರಿಂದ ಸುಧಾರಿತ ಬೀಟ್ ವ್ಯವಸ್ಥೆ ಇದೆ. ಠಾಣೆಯ ಪ್ರದೇಶವನ್ನು ಚಿಕ್ಕ ಚಿಕ್ಕ ಬೀಟುಗಳಾಗಿ ಹಂಚಿ, ಒಂದೊಂದಕ್ಕೆ ಒಬ್ಬೊಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿ, ಆ ಪ್ರದೇಶದ ನಾಗರಿಕರನ್ನೂ ಅದರಲ್ಲಿ ಸೇರಿಸಿಕೊಳ್ಳುವುದು ಅದರ ಕ್ರಮ. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಹೆಸರಿನಲ್ಲಿ, ಬೀಟ್ ಸಿಬ್ಬಂದಿ ಮನೆಬಾಗಿಲಿಗೇ ಬಂದು ಅಹವಾಲು ಕೇಳುವ ಕಾರ್ಯಕ್ರಮವೂ ಶುರುವಾಗಿದೆ. ಅಂದರೆ ನೀವು ಹೋಗಿ ಕೇಳುತ್ತಿರುವುದು ಯಾರ ಉಪಕಾರವನ್ನೂ ಅಲ್ಲ. ಆ ಬೀಟ್ ಪೊಲೀಸರ ಹೆಸರು, ಮೊಬೈಲ್ ನಂಬರು ಬರೆದುಕೊಳ್ಳಿ. ಒಂದು ದಿನ ಸಂಜೆ ಪಾರ್ಕಿಗೆ ಕರೆದು, ಆ ಮೂಲೆ, ಆ ಕೆಟ್ಟ ದೀಪ, ಹಾರಿ ಬರಲು ಅನುವಾಗಿರುವ ಕಾಂಪೌಂಡು, ಎಲ್ಲವನ್ನೂ ನಡೆದಾಡಿ ತೋರಿಸಿ. ಬೆಳಕಿರುವಾಗ ಒಮ್ಮೆ ಆರಾಮವಾಗಿ ನೋಡಿದ ಜಾಗ ರಾತ್ರಿ ಕರೆ ಬಂದಾಗ ಅವರಿಗೆ ನೆನಪಿರುತ್ತದೆ.

ಕೇಳುವಾಗ ಸಮಯ ಹೇಳಿ ಕೇಳಿ. ನಡುರಾತ್ರಿಯ ಗಸ್ತಿನಿಂದ ನಿಮ್ಮ ಪಾರ್ಕಿಗೆ ಪ್ರಯೋಜನವಿಲ್ಲ, ಏಳರಿಂದ ಒಂಬತ್ತೂವರೆಯೊಳಗೆ ಒಂದು ಸುತ್ತು ಬೇಕು, ಪೊಲೀಸರ ಹೊಯ್ಸಳ ಗಾಡಿ ಆ ಹೊತ್ತಿಗೆ ಐದು ನಿಮಿಷ ಗೇಟಿನ ಹತ್ತಿರ ನಿಲ್ಲಬೇಕು. ಅಪಾಯ ಕಣ್ಣೆದುರಿದ್ದರೆ ಬೀಟ್ ಪೊಲೀಸರ ನಂಬರು ಹುಡುಕುತ್ತ ಕೂರಬೇಡಿ, ನೇರವಾಗಿ 112ಕ್ಕೆ ಕರೆ ಮಾಡಿ. ಠಾಣೆಯಲ್ಲಿ ಕೆಲಸ ಮುಂದೆ ಸಾಗದಿದ್ದರೆ ಬೆಂಗಳೂರು ಪೊಲೀಸರು ನಡೆಸುವ ಮಾಸಿಕ ಜನಸಂಪರ್ಕ ದಿನಕ್ಕೆ ಅದೇ ಸೀಲಿನ ಪ್ರತಿ ಹಿಡಿದು ಹೋಗಿ. ಒಂದು ಮಾತು ಮಾತ್ರ ನೆನಪಿರಲಿ. ಇನ್‌ಸ್ಪೆಕ್ಟರಿಗೆ ವರ್ಗವಾಗುತ್ತದೆ, ಬೀಟಿನವರೂ ಬದಲಾಗುತ್ತಾರೆ. ಹೊಸಬರು ಬಂದಾಗಲೆಲ್ಲ ಮತ್ತೆ ಹೋಗಿ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ. ಬಹಳ ಸಂಘಗಳು ಸೋಲುವುದು ಇಲ್ಲೇ, ಮೊದಲ ಸಾಹೇಬರು ಹೋದ ಮೇಲೆ ಎರಡನೆಯವರನ್ನು ಹೋಗಿ ನೋಡುವ ಉತ್ಸಾಹ ಯಾರಿಗೂ ಉಳಿದಿರುವುದಿಲ್ಲ.

ನಿಮ್ಮ ಯಜಮಾನರ ಸಿಟ್ಟು ನನಗೆ ಅರ್ಥವಾಗುತ್ತದೆ. ಠಾಣೆ, ಕೋರ್ಟು ಎಂದರೆ ಅಲೆದಾಟ ಎಂದು ಆ ತಲೆಮಾರು ನಂಬಿರುವುದಕ್ಕೆ ಕಾರಣಗಳಿವೆ. ಅವರಿಗೆ ಇಷ್ಟು ಹೇಳಿ. ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ, ತನಿಖೆಗೆ ಸಾಕ್ಷಿಯೆಂದು ಹೆಂಗಸರನ್ನೂ 60 ವರ್ಷ ದಾಟಿದವರನ್ನೂ ಠಾಣೆಗೆ ಬರಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ, ಅವರೇ ಮನೆಗೆ ಬಂದು ಕೇಳಬೇಕು. ನೀವಿಬ್ಬರೂ ಅದರಲ್ಲಿ ಬಂದಿರಿ. ಅಪರಾಧದ ಮಾಹಿತಿ ಯಾರಿಂದ ಬಂತೆಂದು ಬಯಲು ಮಾಡುವಂತೆ ಪೊಲೀಸ್ ಅಧಿಕಾರಿಯನ್ನು ಯಾರೂ ಬಲವಂತಪಡಿಸುವಂತಿಲ್ಲ ಎಂದು ಸಾಕ್ಷ್ಯದ ಕಾನೂನು ಹೇಳುತ್ತದೆ. ಇಷ್ಟಾದ ಮೇಲೂ ಅವರಿಗೆ ಇಷ್ಟವಿಲ್ಲದಿದ್ದರೆ ವಾದ ಬೆಳೆಸಬೇಡಿ. ಠಾಣೆಯ ಕಡೆ ಹೋಗುವಾಗ ‘ನನ್ನನ್ನು ಅಲ್ಲಿವರೆಗೆ ಬಿಟ್ಟು ಹೊರಗೆ ನಿಂತಿರಿ’ ಎಂದಷ್ಟೇ ಕೇಳಿ ನೋಡಿ. ಹೊರಗೆ ನಿಂತವರು ಸ್ವಲ್ಪ ಹೊತ್ತಿಗೆ ಒಳಗೆ ಬರುವುದನ್ನು ನಾನು ನೋಡಿದ್ದೇನೆ.

ಆ ಕಾಲೇಜು ಹುಡುಗಿಯ ಸಂಗತಿ ಮಾತ್ರ ಪಾರ್ಕಿನ ಮನವಿಯೊಳಗೆ ಒಂದು ಸಾಲಾಗಿ ಕರಗಿಹೋಗಬಾರದು. ಹೆಣ್ಣುಮಗಳೊಬ್ಬಳನ್ನು ಬೆನ್ನುಹತ್ತಿ ಕಾಡುವುದು ಅಪರಾಧ. ದೂರು ಕೊಡುವುದೋ ಬಿಡುವುದೋ ಅವಳ ತೀರ್ಮಾನ. ನಿಮ್ಮ ಕೆಲಸ, ‘ಕೊಡುವುದಾದರೆ ನಾನು ಜೊತೆಗೆ ಬರುತ್ತೇನೆ ಮಗಳೇ’ ಎಂದು ಹೇಳುವುದು. ಊರು ಬಿಟ್ಟು ಬಂದ ಹುಡುಗಿಗೆ ಆ ಮಾತಿನ ಬೆಲೆ ಎಷ್ಟೆಂದು ನಿಮಗೆ ಹೇಳಬೇಕಿಲ್ಲ. ಯಾವ ಠಾಣೆಯ ವ್ಯಾಪ್ತಿ ಎಂಬ ಗೊಂದಲದಲ್ಲಿ ಅವಳು ಹಿಂಜರಿಯಬೇಕಾಗಿಲ್ಲ. ಇಂಥ ಅಪರಾಧದ ದೂರನ್ನು ಯಾವುದೇ ಠಾಣೆ ದಾಖಲಿಸಿಕೊಂಡು ಸಂಬಂಧಪಟ್ಟ ಕಡೆಗೆ ಕಳಿಸಬೇಕೆಂದು ಈಗ ಕಾನೂನಿನಲ್ಲೇ ಇದೆ.

ಈಗ ನಿಮ್ಮ ಶಿಷ್ಯ.

ಮೊದಲು ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ರಾತ್ರಿ ಹುಡುಗಿಯ ಹಿಂದೆ ಹೋದ ಇಬ್ಬರಲ್ಲಿ ಅವನಿದ್ದನೇ? ಇದ್ದನೆಂದು ನಿಮಗೆ ಗೊತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಅವನ ಮೇಲಿನ ಮಮತೆಗೆ ಇನ್ನೊಬ್ಬರ ಮಗಳು ಬೆಲೆ ತೆರಬಾರದು. ಹೇಳಿದರೆ ಬಾಳು ಹಾಳಾಗುತ್ತದೆ ಎಂಬ ನಿಮ್ಮ ಭಯಕ್ಕೂ ಉತ್ತರವಿದೆ. ಹದಿನೆಂಟು ತುಂಬದವನ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅವನನ್ನು ಲಾಕಪ್ಪಿನಲ್ಲಿಡುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ. ತಿದ್ದಿಕೊಳ್ಳಲು ದಾರಿ ಮಾಡಿಕೊಡುವುದೇ ಆ ಕಾನೂನಿನ ಗುರಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್, ವಿಚಾರಣೆಯಲ್ಲಿರುವ ಮಗುವಿನ ಹೆಸರು, ಫೋಟೊ, ಮನೆ, ಶಾಲೆ ಯಾವುದನ್ನೂ ಯಾರೂ ಬಯಲು ಮಾಡಬಾರದೆನ್ನುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕೇಸಾದ ಮೇಲೂ ಇಷ್ಟು ಕಾಪಾಡುವ ಮಗುವಿನ ಮುಖವನ್ನು, ಕೇಸೇ ಇಲ್ಲದಿರುವಾಗ ನಿಮ್ಮ ಗುಂಪು ಇನ್ನೂರು ಮೊಬೈಲುಗಳಿಗೆ ಹಂಚುವುದು ದೊಡ್ಡ ಅನ್ಯಾಯ. ಫೋಟೊ ಹಾಕುವ ಮಾತು ಬಂದಾಗ ನೀವು ಎದ್ದು ಬೇಡ ಎನ್ನಲೇಬೇಕು. ಅವನ ಹೆಸರು ಹೇಳದೆಯೂ ಅದನ್ನು ಹೇಳಬಹುದು.

ಅವನು ಬರಿದೇ ಆ ಮೂಲೆಯಲ್ಲಿ ಕೂತು ಸೇದುವವನಾಗಿದ್ದರೆ, ಪೊಲೀಸರ ಬಳಿಗೆ ಹೆಸರು ಹೊತ್ತೊಯ್ಯುವ ಮೊದಲು ಅವನ ಬಳಿಗೇ ಹೋಗಿ. ನಿಮ್ಮನ್ನು ಕಂಡರೆ ಅವನಿಗೆ ಇನ್ನೂ ಸಂಕೋಚವಿದೆ. ಅಷ್ಟು ಸಂಕೋಚ ಉಳಿದಿರುವ ಹುಡುಗನ ಜೊತೆ ಮಾತು ಸಾಧ್ಯ. ಗೆಳೆಯರ ಮುಂದೆ ಮಾತನಾಡಿಸಬೇಡಿ. ಬೆಳಿಗ್ಗೆ ಹಾಲಿಗೋ ಅಂಗಡಿಗೋ ಬಂದಾಗ, ‘ಏನೋ, ಮನೆ ಕಡೆಗೇ ಬರಲಿಲ್ಲವಲ್ಲೋ, ನಾಳೆ ತಿಂಡಿಗೆ ಬಾ’ ಎನ್ನಿ. ಬಂದ ದಿನ ಉಪದೇಶ ಬೇಡ. ಓದು ಎಲ್ಲಿಗೆ ಬಂತು, ರಾತ್ರಿ ನಿದ್ದೆ ಬರುತ್ತದೆಯೇ, ಮನೆಯಲ್ಲಿ ಹೇಗಿದೆ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಅವನು ಎದ್ದು ಹೋಗುವ ಮುಂಚೆ ಒಂದೇ ಮಾತು ಸ್ಪಷ್ಟವಾಗಿ ಹೇಳಿ: ‘ಆ ಮೂಲೆಗೆ ಪೊಲೀಸರು ಬರುತ್ತಾರೆ ಕಣೋ. ಅವರನ್ನು ಕರೆಯುವವಳು ನಾನೇ. ನೀನು ಅಲ್ಲಿರಬೇಡ. ಬಿಡುವುದು ಕಷ್ಟವಾದರೆ ನನಗೆ ಹೇಳು, ಜೊತೆಗೆ ಬರುತ್ತೇನೆ.’ ಇದರಲ್ಲಿ ಮೋಸವಿಲ್ಲ, ಚಾಡಿಯಿಲ್ಲ. ಅವನಿಗೂ ಹೇಳಿದಿರಿ, ಪೊಲೀಸರಿಗೂ ಹೇಳಿದಿರಿ. ನಿಮ್ಮ ನಿದ್ದೆಯನ್ನು ಕಾಡುತ್ತಿರುವ ಭಾರ ಇಲ್ಲೇ ಇಳಿಯುತ್ತದೆ ಎಂದು ನನಗನ್ನಿಸುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದನ್ನು ಮಾತ್ರ ಅವನಿಗೆ ಬಿಟ್ಟುಕೊಡಬೇಡಿ, ಅವನಿಂದ ಅದು ಆ ಮೂಲೆಯವರ ಕಿವಿಗೆ ಹೋದರೆ ನಿಮಗೂ ಅಪಾಯ, ಅವನಿಗೂ.

ಅವನ ತಾಯಿಗೆ ಹೇಳಬೇಕೇ? ಹೇಳಬೇಕು, ಅವನಿಗೆ ತಿಳಿಸಿಯೇ ಹೇಳಬೇಕು. ಬಾಗಿಲಲ್ಲಿ ನಿಂತು ಹೇಳುವ ಸುದ್ದಿಯಲ್ಲ ಅದು. ಮನೆಯಲ್ಲಿ ಬೇರೆಯವರಿಲ್ಲದ ಮಧ್ಯಾಹ್ನ ನೋಡಿ, ಒಬ್ಬರೇ ಹೋಗಿ. ಮೊದಲು ಆಕೆ ಸಿಟ್ಟಾಗುತ್ತಾರೆ, ನನ್ನ ಮಗ ಅಂಥವನಲ್ಲ ಎನ್ನುತ್ತಾರೆ. ತಾಯಿ ಬೇರೇನು ಹೇಳಲು ಸಾಧ್ಯ? ಎದ್ದು ಬರಬೇಡಿ. ಕೈಗೆ ಎರಡು ವಿಷಯ ಕೊಟ್ಟು ಬನ್ನಿ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್ ಸೇವೆಯವರು ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಿಲ್ಲ, ಹೊತ್ತು ನೋಡಬೇಕಿಲ್ಲ. ಚಿಕಿತ್ಸೆಗೆ ಹೋದರೆ ಕೇಸಾಗುತ್ತದೆಂದು ಹೆದರುವವರು ಬಹಳ. ಮಾದಕ ವಸ್ತುಗಳ ಕಾಯ್ದೆಯ 64ಎ ಸೆಕ್ಷನ್, ವ್ಯಸನಿ ತಾನಾಗಿಯೇ ಸರ್ಕಾರಿ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರ್ತಿ ಮಾಡಿದರೆ, ಸೇವನೆಗಾಗಿ ಅಥವಾ ಚಿಕ್ಕ ಪ್ರಮಾಣಕ್ಕಾಗಿ ಆಗುವ ಪ್ರಕರಣದಿಂದ ರಕ್ಷಣೆ ಕೊಡುತ್ತದೆ. ಮಾರುವವರಿಗೆ ಈ ದಯೆ ಇಲ್ಲ. ಮಾರುವವರಿದ್ದರೆ ಯಾರೆಂದು ಪೊಲೀಸರು ಹುಡುಕಲಿ.

ಇನ್ನು ಪಾರ್ಕು. ಆ ದೀಪಕ್ಕೆ 1533 ಸಹಾಯವಾಣಿಯಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಹಿಂದಿನ ಗಿಡಗಳನ್ನು ಸೊಂಟದೆತ್ತರಕ್ಕೆ ಕತ್ತರಿಸಲು ಪಾಲಿಕೆಯ ತೋಟಗಾರಿಕೆಯವರಿಗೆ ಬರೆಯಿರಿ. ಆರು ಗಂಟೆಗೆ ಬೀಗ ಹಾಕುವುದಕ್ಕೆ ನಾನು ಪೂರ್ತಿ ವಿರುದ್ಧ. 2024ರ ಜೂನ್‌ನಲ್ಲಿ ಬಿಬಿಎಂಪಿ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಆದೇಶ ಮಾಡಿದ್ದು ಜನರ ಒತ್ತಾಯದಿಂದಲೇ. ಬೀಗ ಹಾಕಿದರೆ ಅಜ್ಜಿಯರು ಹೊರಗುಳಿಯುತ್ತಾರೆ, ಕಾಂಪೌಂಡು ಹಾರುವವರು ಒಳಗಿರುತ್ತಾರೆ. ಏಳರಿಂದ ಒಂಬತ್ತರವರೆಗೆ ನಿಮ್ಮ ಹತ್ತು ಮನೆಯವರು ಸರದಿಯಂತೆ ಬಂದು ಆ ಹಿಂದಿನ ಬೆಂಚುಗಳಲ್ಲಿ ಕೂತು ಹರಟೆ ಹೊಡೆಯಿರಿ, ಮಕ್ಕಳು ಶಟಲ್ ಆಡಲಿ. ದೀಪ ಬಂದ ಮೇಲೆ, ಬೀಟ್ ಪೊಲೀಸರಿಗೆ ತಿಳಿಸಿ ಶುರುಮಾಡಿ.

ಮಧ್ಯಾಹ್ನ ಮಲಗುವ ಕೆಲಸದವರನ್ನು ಓಡಿಸುವ ಮಾತು ಕೇಳಿ ನೋವಾಯಿತು. ಬೆಳಗಿನಿಂದ ಇಟ್ಟಿಗೆ ಹೊತ್ತವರು ಮರದ ನೆರಳಿಗೆ ಬರುತ್ತಾರೆ. ಪಾರ್ಕು ಇರುವುದೇ ಅದಕ್ಕೆ. 2015ರ ನವೆಂಬರ್‌ನಲ್ಲಿ ಕಬ್ಬನ್ ಪಾರ್ಕಿನೊಳಗೆ ಹೆಣ್ಣುಮಗಳೊಬ್ಬಳ ಮೇಲೆ ಅತ್ಯಾಚಾರ ನಡೆದಾಗ ಸಿಕ್ಕಿಬಿದ್ದವರು ಅಲ್ಲೇ ಕಾವಲಿಗಿದ್ದ ಇಬ್ಬರು ಸೆಕ್ಯುರಿಟಿ ಗಾರ್ಡುಗಳು. ಮಾಸಿದ ಬಟ್ಟೆ ನೋಡಿ ಅಪಾಯ ಅಳೆಯುವವರಿಗೆ ಸಮವಸ್ತ್ರದೊಳಗಿನ ಅಪಾಯ ಕಾಣುವುದಿಲ್ಲ. ನಿಮ್ಮ ಗುಂಪು ವಾಚ್‌ಮನ್ ಇಡುವುದಾದರೂ ಮೊದಲು ಪೊಲೀಸ್ ಪರಿಶೀಲನೆ ಮಾಡಿಸಿ.

‘ಇದೆಲ್ಲ ಕೇಳೋಕೆ ನಾವು ಯಾರು’ ಎಂದು ಯಾರಾದರೂ ಕೈಚೆಲ್ಲಿದರೆ ಸದಾಶಿವನಗರದ ಕಥೆ ಹೇಳಿ. ನಿಮ್ಮಿಂದ ದೂರವೇನಿಲ್ಲ. ಅಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಬಿಡಿಎ ಒಂದು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಸುತ್ತಲಿನ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ಮೊದಲ ಹಂತದಲ್ಲಿ ಸೋತರು, ಮೇಲ್ಮನವಿಯಲ್ಲಿ ಗೆದ್ದರು. ಕೇಳಲು ಇವರಿಗೇನು ಹಕ್ಕು ಎಂಬ ವಾದ ಸುಪ್ರೀಂ ಕೋರ್ಟಿನಲ್ಲೂ ಬಂತು. 1991ರಲ್ಲಿ ಆ ನ್ಯಾಯಾಲಯ, ಬಡಾವಣೆಯ ನಿವಾಸಿಗಳಿಗೆ ತಮ್ಮ ಪಾರ್ಕಿನ ಪರವಾಗಿ ಕೇಳುವ ಹಕ್ಕಿದೆ ಎಂದು ಹೇಳಿ ಆ ಮಂಜೂರಾತಿಯನ್ನು ಒಪ್ಪಲಿಲ್ಲ. ಅವರೂ ನಿಮ್ಮ ಹಾಗೆ ಒಂದು ರಸ್ತೆಯ ಜನ.

ಮೊದಲ ಸಭೆಯನ್ನು ಯಾರ ಮನೆಯಲ್ಲೂ ಇಡಬೇಡಿ, ಪಾರ್ಕಿನಲ್ಲೇ ಸೇರಿ, ಸಂಜೆ ಆರಕ್ಕೆ. ಗೇಟಿನ ಹತ್ತಿರ ಹೂವು ಮಾರುವವರೋ, ಸೊಪ್ಪಿನ ಗಾಡಿಯವರೋ, ಇಸ್ತ್ರಿಯವರೋ ಇದ್ದರೆ ಅವರನ್ನೂ ಕರೆಯಿರಿ. ಆ ಹುಡುಗನ ತಾಯಿಗೂ ನೀವೇ ಹೋಗಿ ಹೇಳಿ ಬನ್ನಿ, ಬೇರೆ ಯಾರ ಬಾಯಿಂದಲೂ ಅವರು ಸಭೆಯ ಸುದ್ದಿ ಕೇಳಬಾರದು. ಅವನು ತಿಂಡಿಗೆ ಬಂದನೇ, ಬರೆಯಿರಿ.